ಫಲಕವಿಲ್ಲದ ಎಂಜಿನುಗಳು: ಟೈನ್ ನದಿಯ ಕಲ್ಲಿದ್ದಲು ಹಳಿಗಳ ಮೇಲೆ ಓಡಿದ ಉಗಿಬಂಡಿಗಳನ್ನು ಗುರುತಿಸುವ ಬಗೆ

ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿಯು ಸಮುದ್ರವನ್ನು ಸೇರುವ ಜಾಗಕ್ಕೆ ಹತ್ತಿರವಿರುವ ನಾರ್ತ್ ಶೀಲ್ಡ್ಸ್‌ನ ರೈಲು ವಸ್ತುಸಂಗ್ರಹಾಲಯದಲ್ಲಿ ‘ಬಿಲ್ಲಿ’ ಎಂಬ ಹಳೆಯ ಉಗಿ ಎಂಜಿನ್ ಇದೆ. ಕಿಲ್ಲಿಂಗ್‌ವರ್ತ್ ಗಣಿಯಿಂದ ನದಿಯ ದಂಡೆಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಸ್ಥಳೀಯ ಮಾರ್ಗದಲ್ಲಿ ದುಡಿದ ಈ ಎಂಜಿನ್ 1826ರಲ್ಲಿ ತಯಾರಾದದ್ದೆಂದು ಬಹುಕಾಲ ಎಲ್ಲರೂ ನಂಬಿದ್ದರು. 2018ರಲ್ಲಿ ಅದರ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೈಕೆಲ್ ಬೇಲಿ ಮತ್ತು ಪೀಟರ್ ಡೇವಿಡ್‌ಸನ್ ಎಂಬ ಇಬ್ಬರು ತಜ್ಞರು ಅದು 1816ರ ಎಂಜಿನ್ ಎಂಬ ತೀರ್ಮಾನಕ್ಕೆ ಬಂದರು. ಅಲ್ಲಿಂದ ದಕ್ಷಿಣಕ್ಕಿರುವ ಶಿಲ್ಡನ್ ಊರಿನ ಸಂಗ್ರಹಾಲಯಕ್ಕೆ ಸೇರಿದ ಮತ್ತೊಂದು ಎಂಜಿನ್, ಹೆಟ್ಟನ್ ಗಣಿಯದು, 1822ರದ್ದೆಂಬ ಹೆಗ್ಗಳಿಕೆಯನ್ನು ಹಲವು ದಶಕ ಹೊತ್ತು ನಿಂತಿತ್ತು. ಅದು 1850ರ ಆಸುಪಾಸಿನಲ್ಲಿ ತಯಾರಾದದ್ದೆಂದು ಈಗ ತಿಳಿದಿದೆ. ಒಂದೇ ಸೀಮೆಯ ಎರಡು ಕಲ್ಲಿದ್ದಲು ಮಾರ್ಗಗಳು, ಒಂದೇ ಮಾದರಿಯ ಎರಡು ಯಂತ್ರಗಳು. ಒಂದಕ್ಕೆ ಹತ್ತು ವರ್ಷ ವಯಸ್ಸು ಕೂಡಿತು, ಇನ್ನೊಂದಕ್ಕೆ ಸುಮಾರು ಮೂವತ್ತು ವರ್ಷ ಕಳೆಯಿತು. ಹೀಗೆ ಎರಡು ದಿಕ್ಕಿಗೂ ತಪ್ಪು ಹೇಗೆ ಸಾಧ್ಯವಾಯಿತು, ಅದನ್ನು ತಿದ್ದುವುದಕ್ಕೆ ಏನೇನು ಸಾಕ್ಷ್ಯ ಬೇಕಾಯಿತು ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಆ ನೆಲದ ಪರಿಚಯ ಸ್ವಲ್ಪ ಬೇಕು. ಟೈನ್ ನದಿಯ ಎರಡೂ ದಂಡೆಗಳ ಎತ್ತರದ ನೆಲದಲ್ಲಿ ಕಲ್ಲಿದ್ದಲಿನ ಗಣಿಗಳಿದ್ದವು. ಅಲ್ಲಿ ತೆಗೆದ ಕಲ್ಲಿದ್ದಲು ನದಿಯ ದಂಡೆಯ ಕಟ್ಟೆಗೆ ಬಂದು, ಅಲ್ಲಿಂದ ‘ಕೀಲ್’ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಸಾಗಿ, ದೊಡ್ಡ ಹಡಗುಗಳನ್ನೇರಿ ಲಂಡನ್ನಿಗೆ ಹೋಗುತ್ತಿತ್ತು. ಗಣಿಯಿಂದ ಕಟ್ಟೆಯವರೆಗಿನ ಕೆಲವು ಮೈಲಿಗಳಿಗಾಗಿ ಪ್ರತಿಯೊಬ್ಬ ಗಣಿ ಮಾಲೀಕನೂ ತನ್ನದೇ ಆದ ಮರದ ಹಳಿಗಳ ದಾರಿ ಹಾಕಿಸಿಕೊಂಡಿದ್ದ. ಇವುಗಳಿಗೆ ವ್ಯಾಗನ್‌ವೇ ಎಂಬ ಹೆಸರಿತ್ತು. ಒಂದು ಕುದುರೆ ಒಂದು ‘ಚಾಲ್ಡ್ರನ್’ ವ್ಯಾಗನನ್ನು, ಅಂದರೆ ಸುಮಾರು 2.7 ಟನ್ ಕಲ್ಲಿದ್ದಲನ್ನು ಎಳೆಯುತ್ತಿತ್ತು. ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧದ ಕಾಲದಲ್ಲಿ ಕುದುರೆಯ ಬೆಲೆಯೂ ಮೇವಿನ ಬೆಲೆಯೂ ಏರಿದಾಗ, ಮಾರಾಟಕ್ಕೆ ಬಾರದ ಪುಡಿಗಲ್ಲಿದ್ದಲು ಗಣಿಯ ಬಾಯಲ್ಲೇ ರಾಶಿ ಬಿದ್ದಿರುವಾಗ, ಮೇವು ತಿನ್ನುವ ಪ್ರಾಣಿಯ ಬದಲು ಕಲ್ಲಿದ್ದಲು ತಿನ್ನುವ ಯಂತ್ರವೊಂದನ್ನು ಹಳಿಯ ಮೇಲೆ ಓಡಿಸಬಹುದೇ ಎಂಬ ಲೆಕ್ಕಾಚಾರ ಮಾಲೀಕರಿಗೆ ಸಹಜವಾಗಿಯೇ ಬಂತು. ಜಗತ್ತಿನ ಮೊದಲ ತಲೆಮಾರಿನ ರೈಲು ಎಂಜಿನುಗಳಲ್ಲಿ ಬಹುಪಾಲು ಹುಟ್ಟಿದ್ದು ಇಂತಹ ಖಾಸಗಿ ಕಲ್ಲಿದ್ದಲು ಮಾರ್ಗಗಳಲ್ಲಿ; ಪ್ರಯಾಣಿಕರ ರೈಲು ಆಮೇಲಿನ ಮಾತು.

ಈ ಎಂಜಿನುಗಳನ್ನು ಗುರುತಿಸುವ ಕಷ್ಟವೂ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಎಂಜಿನಿನ ಪಕ್ಕದಲ್ಲಿ ಕಂಪನಿಯ ಹೆಸರು, ತಯಾರಿಕೆಯ ಸಂಖ್ಯೆ, ಇಸವಿ ಇರುವ ಲೋಹದ ಫಲಕವನ್ನು ಹುಡುಕುತ್ತಾರೆ. ಅಂತಹ ಫಲಕ ಬರಬೇಕಾದರೆ ಎಂಜಿನುಗಳನ್ನು ಸಾಲಾಗಿ ತಯಾರಿಸಿ ಮಾರುವ ಕಾರ್ಖಾನೆ ಇರಬೇಕು. ಎಂಜಿನ್ ತಯಾರಿಕೆಗೆಂದೇ ನ್ಯೂಕ್ಯಾಸಲ್‌ನಲ್ಲಿ ರಾಬರ್ಟ್ ಸ್ಟೀಫನ್‌ಸನ್ ಮತ್ತು ಕಂಪನಿ ಆರಂಭವಾದದ್ದು 1823ರಲ್ಲಿ. ಅದಕ್ಕೂ ಹಿಂದಿನವು ಗಣಿಯ ಕಮ್ಮಾರಶಾಲೆಯಲ್ಲೇ ರೂಪುಗೊಂಡವು. ಎರಕದ ಭಾಗಗಳು ಒಂದು ಕಡೆಯಿಂದ, ಬಾಯ್ಲರಿನ ತಗಡುಗಳು ಇನ್ನೊಂದು ಕಡೆಯಿಂದ ಬರುತ್ತಿದ್ದವು, ಜೋಡಿಸುವವರು ಗಣಿಯ ನೌಕರರೇ ಆಗಿದ್ದರು. ಮಾರುವ ಉದ್ದೇಶವಿಲ್ಲದ ವಸ್ತುವಿಗೆ ಸಂಖ್ಯೆ ಹೊಡೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಹೆಸರುಗಳೂ ನೆಚ್ಚಿಕೊಳ್ಳುವಂಥವಲ್ಲ. ವೈಲಂ ಗಣಿಯಲ್ಲಿ ‘ಪಫಿಂಗ್ ಬಿಲ್ಲಿ’ ಇತ್ತು, ಕಿಲ್ಲಿಂಗ್‌ವರ್ತ್‌ನಲ್ಲಿ ಬರೀ ‘ಬಿಲ್ಲಿ’ ಇತ್ತು. ಕೆಲಸಗಾರರು ಬಾಯಿಗೆ ಬಂದಂತೆ ಕರೆದ ಹೆಸರು ಒಂದು ಎಂಜಿನಿನಿಂದ ಇನ್ನೊಂದಕ್ಕೆ ದಾಟಿಬಿಡುವುದು ಕಷ್ಟವೇನಲ್ಲ.

ಹಾಗಿದ್ದರೂ ಆ ಕಾಲದ ಅವ್ಯವಸ್ಥೆಯೇ ಸಂಶೋಧಕನಿಗೆ ಒಂದು ಉಪಕಾರವನ್ನೂ ಮಾಡಿದೆ. ಹಳಿಗಳ ನಡುವಿನ ಅಂತರವಾಗಲಿ ಹಳಿಯ ಆಕಾರವಾಗಲಿ ಇಡೀ ದೇಶಕ್ಕೆ ಒಂದೇ ಆಗಿರಲಿಲ್ಲ. ವೈಲಂ ಮಾರ್ಗದ ಹಳಿಗಳ ಅಂತರ 5 ಅಡಿ; ಕಿಲ್ಲಿಂಗ್‌ವರ್ತ್‌ನದು 4 ಅಡಿ 8 ಅಂಗುಲ. ವೈಲಂನಲ್ಲಿ ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು ಇದ್ದದ್ದು ಹಳಿಗೆ, ಚಕ್ರ ಬೋಳಾಗಿತ್ತು. ಕಿಲ್ಲಿಂಗ್‌ವರ್ತ್‌ನಲ್ಲಿ ಹಳಿ ಬೋಳು, ಅಂಚು ಚಕ್ರಕ್ಕಿತ್ತು. ಆದ್ದರಿಂದ ಒಂದು ಮಾರ್ಗದ ಎಂಜಿನ್ ಇನ್ನೊಂದರ ಮೇಲೆ ಹಾಗೆಯೇ ಓಡಲಾರದು. ಅಚ್ಚಿನ, ಅಂದರೆ ಜೋಡಿ ಚಕ್ರಗಳನ್ನು ಸೇರಿಸುವ ದಂಡದ, ಉದ್ದವನ್ನೂ ಚಕ್ರದ ಅಂಚನ್ನೂ ಅಳೆದರೆ ಯಂತ್ರ ಯಾವ ದಾರಿಯದೆಂಬುದರ ಮೊದಲ ಸುಳಿವು ಸಿಗುತ್ತದೆ. ಮೊದಲ ಸುಳಿವು ಎಂದೆನೇ ಹೊರತು ಕೊನೆಯ ಮಾತು ಎನ್ನಲಿಲ್ಲ. ಅಚ್ಚುಗಳನ್ನೂ ಚಕ್ರಗಳನ್ನೂ ಬದಲಾಯಿಸುತ್ತಿದ್ದರು ಎಂಬುದಕ್ಕೆ ವೈಲಂನ ಎಂಜಿನುಗಳೇ ಉದಾಹರಣೆ.

ವೈಲಂ ಗಣಿಯ ಒಡೆಯ ಕ್ರಿಸ್ಟೋಫರ್ ಬ್ಲ್ಯಾಕೆಟ್. ಗಣಿಯಿಂದ ಲೆಮಿಂಗ್ಟನ್ ಎಂಬಲ್ಲಿನ ನದಿಯ ಕಟ್ಟೆಗೆ ಸುಮಾರು 5 ಮೈಲಿ ದೂರ. ಮುಂದೆ ರೈಲು ಎಂಜಿನುಗಳ ನಿರ್ಮಾಪಕನೆಂದು ಹೆಸರಾದ ಜಾರ್ಜ್ ಸ್ಟೀಫನ್‌ಸನ್ 1781ರಲ್ಲಿ ಹುಟ್ಟಿದ ಮನೆಯ ಮುಂದೆಯೇ ಈ ದಾರಿ ಹಾದುಹೋಗುತ್ತಿತ್ತು. 1805ರ ಹೊತ್ತಿಗೇ ರಿಚರ್ಡ್ ಟ್ರೆವಿಥಿಕ್‌ನ ವಿನ್ಯಾಸದ ಎಂಜಿನೊಂದು ವೈಲಂಗಾಗಿ ಗೇಟ್ಸ್‌ಹೆಡ್‌ನಲ್ಲಿ ತಯಾರಾಗಿತ್ತಾದರೂ, ಸುಮಾರು 5 ಟನ್ ತೂಕದ ಅದನ್ನು ಮರದ ಹಳಿ ತಾಳಲಾರದೆಂದು ಕೈಬಿಡಲಾಯಿತು. 1808ರಲ್ಲಿ ಬ್ಲ್ಯಾಕೆಟ್ ಎರಕದ ಕಬ್ಬಿಣದ ಹಳಿ ಹಾಕಿಸಿದ. ಆಮೇಲೆ ಗಣಿಯ ಮೇಲ್ವಿಚಾರಕ ವಿಲಿಯಂ ಹೆಡ್ಲಿ, ಕಮ್ಮಾರರ ಮೇಸ್ತ್ರಿ ಟಿಮತಿ ಹ್ಯಾಕ್‌ವರ್ತ್, ಯಂತ್ರಗಳ ಉಸ್ತುವಾರಿಯ ಜೊನಾಥನ್ ಫಾರ್‌ಸ್ಟರ್ ಇವರು ಸೇರಿ 1813ರಿಂದ ಮುಂದಿನ ಒಂದೆರಡು ವರ್ಷಗಳಲ್ಲಿ ‘ಪಫಿಂಗ್ ಬಿಲ್ಲಿ’ ಮತ್ತು ‘ವೈಲಂ ಡಿಲ್ಲಿ’ ಎಂಬ ಎಂಜಿನುಗಳನ್ನು ಕಟ್ಟಿದರು. ಈ ಮೂವರಲ್ಲಿ ಯಾರಿಗೆಷ್ಟು ಪಾಲು ಎಂಬ ಜಗಳ ಅವರ ಮಕ್ಕಳು ಮೊಮ್ಮಕ್ಕಳ ಕಾಲದಲ್ಲೂ ನಡೆಯಿತು; ಅದರ ಧೂಳಿನಲ್ಲಿ ಎಂಜಿನುಗಳ ಇಸವಿಗಳೂ ಮಸುಕಾದವು.

ಇಂದು ಪಫಿಂಗ್ ಬಿಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ, ವೈಲಂ ಡಿಲ್ಲಿ ಎಡಿನ್‌ಬರೋದಲ್ಲಿದೆ. ಎರಡಕ್ಕೂ ನಾಲ್ಕು ನಾಲ್ಕು ಚಕ್ರಗಳು. ಆದರೆ ಈ ಚಕ್ರಗಳನ್ನು ನೋಡಿ 1813ರ ಎಂಜಿನ್ ಹೀಗಿತ್ತೆಂದು ಯಾರಾದರೂ ಹೇಳಿದರೆ ಅದು ತಪ್ಪಾಗುತ್ತದೆ. ನಾಲ್ಕು ಚಕ್ರಗಳ ಮೇಲೆ ಬಿದ್ದ ಭಾರಕ್ಕೆ ಎರಕದ ಹಳಿಗಳು ಪಟಪಟನೆ ಮುರಿಯತೊಡಗಿದ್ದರಿಂದ 1815ರ ಸುಮಾರಿಗೆ ಭಾರವನ್ನು ಹಂಚುವುದಕ್ಕಾಗಿ ಅವುಗಳಿಗೆ ಎಂಟು ಚಕ್ರಗಳನ್ನು ಹಾಕಲಾಯಿತು. 1830ರ ಸುಮಾರಿಗೆ ಮಾರ್ಗಕ್ಕೆ ಗಟ್ಟಿಯಾದ ಹೊಸ ಮಾದರಿಯ ಹಳಿ ಬಂದಾಗ ಮತ್ತೆ ನಾಲ್ಕಕ್ಕೆ ಇಳಿಸಲಾಯಿತು. ಈಗ ಕಾಣುವ ಅಂಚುಳ್ಳ ಚಕ್ರಗಳು ಆ ಕೊನೆಯ ಬದಲಾವಣೆಯವು. ನಡುವಿನ ಎಂಟು ಚಕ್ರದ ರೂಪ ಉಳಿದಿರುವುದು ಚಿತ್ರಗಳಲ್ಲಿ ಮಾತ್ರ. ಚಿತ್ರದಲ್ಲಿರುವುದು ಎಂಟು ಚಕ್ರದ ಎಂಜಿನ್, ಕಣ್ಣ ಮುಂದಿರುವುದು ನಾಲ್ಕು ಚಕ್ರದ್ದು, ಆದ್ದರಿಂದ ಅವೆರಡೂ ಬೇರೆ ಎಂದು ಹೊರನೋಟಕ್ಕೆ ಅನಿಸುವುದು ಸಹಜ. ಹಳಿಯ ಇತಿಹಾಸವನ್ನು ಜೊತೆಗಿಟ್ಟು ನೋಡಿದಾಗಲೇ ಒಂದೇ ಯಂತ್ರದ ಮೂರು ಅವಸ್ಥೆಗಳು ಬಿಡಿಸಿಕೊಳ್ಳುತ್ತವೆ. ಎಂಜಿನನ್ನು ಗುರುತಿಸಲು ಹೊರಟವನು ಮೊದಲು ಹಳಿಯ ಲೆಕ್ಕವನ್ನು ತೆಗೆದಿಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಈ ಎರಡರಲ್ಲಿ ಯಾವುದು ಹಿರಿದು ಎಂಬ ಪ್ರಶ್ನೆಯೂ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು; ಪಫಿಂಗ್ ಬಿಲ್ಲಿಯೇ ಹಿರಿದು ಎಂಬ ತೀರ್ಮಾನ ಬಂದದ್ದು 2008ರಲ್ಲಿ, ಎರಡರ ರಚನೆಯನ್ನೂ ಹೋಲಿಸಿ ನೋಡಿದ ಮೇಲೆ.

ವೈಲಂ ಡಿಲ್ಲಿಯ ಬಾಳಿನಲ್ಲಿ ಇನ್ನೊಂದು ವಿಚಿತ್ರ ಅಧ್ಯಾಯವಿದೆ. 1822ರಲ್ಲಿ ದೋಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅದನ್ನು ಹಳಿಯಿಂದಿಳಿಸಿ ಒಂದು ಕೀಲ್ ದೋಣಿಯ ಮೇಲೇರಿಸಿ, ಪಕ್ಕದಲ್ಲಿ ಹುಟ್ಟುಚಕ್ರಗಳನ್ನು ಕಟ್ಟಿ, ಉಳಿದ ದೋಣಿಗಳನ್ನು ಎಳೆಯುವ ಹಡಗನ್ನಾಗಿ ಮಾಡಿದ್ದರು. ಮುಷ್ಕರ ಮುಗಿದ ಮೇಲೆ ಅದು ಮತ್ತೆ ಹಳಿಗೆ ಮರಳಿತು. ಯಂತ್ರದ ಮೈಮೇಲೆ ರೈಲಿನ ಕೆಲಸಕ್ಕೆ ಸಂಬಂಧವೇ ಇಲ್ಲದ ಗುರುತು ಕಂಡರೆ ತಬ್ಬಿಬ್ಬಾಗಬಾರದೆಂಬ ಎಚ್ಚರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನು ಕಿಲ್ಲಿಂಗ್‌ವರ್ತ್. ಅಲ್ಲಿನ ಗಣಿಯ ಯಂತ್ರಗಳ ಉಸ್ತುವಾರಿ ಹೊತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ತನ್ನ ಮೊದಲ ಎಂಜಿನ್ ‘ಬ್ಲೂಖರ್’ ಅನ್ನು 1814ರ ಜುಲೈ 25ರಂದು ಓಡಿಸಿದ. 450 ಅಡಿಗೆ ಒಂದು ಅಡಿಯಂತೆ ಏರುವ ದಾರಿಯಲ್ಲಿ ಅದು ಎಂಟು ವ್ಯಾಗನುಗಳಲ್ಲಿ 30 ಟನ್ ಭಾರವನ್ನು ಗಂಟೆಗೆ 4 ಮೈಲಿ ವೇಗದಲ್ಲಿ ಎಳೆಯಿತು. ಬ್ಲೂಖರ್ ಈಗ ಇಲ್ಲ. ಅದರ ಭಾಗಗಳನ್ನು ಬಿಚ್ಚಿ ಸ್ಟೀಫನ್‌ಸನ್ ಮುಂದಿನ ಎಂಜಿನುಗಳಿಗೆ ಬಳಸಿಕೊಂಡ. ಮೊದಲ ಎಂಜಿನಿನ ಕಬ್ಬಿಣ ಎರಡನೆಯದರ ಮೈಸೇರಿದ ಮೇಲೆ ಎರಡನೆಯದರ ಹುಟ್ಟಿದ ವರ್ಷ ಯಾವುದು? ಕಚೇರಿಯ ಕಾಗದದಲ್ಲಿ ಇದಕ್ಕೆ ಉತ್ತರ ಸುಲಭ, ಕಬ್ಬಿಣದಲ್ಲಿ ಸುಲಭವಲ್ಲ.

ಅದೃಷ್ಟವಶಾತ್ ಸ್ಟೀಫನ್‌ಸನ್‌ನ ಎಂಜಿನುಗಳ ವಿಷಯದಲ್ಲಿ ಕಾಲವನ್ನು ಅಳೆಯುವುದಕ್ಕೆ ಕೆಲವು ಗಟ್ಟಿಯಾದ ಗೂಟಗಳಿವೆ. ಬ್ಲೂಖರ್‌ನಲ್ಲಿ ಶಕ್ತಿ ಚಕ್ರಗಳಿಗೆ ಹೋಗುತ್ತಿದ್ದದ್ದು ಹಲ್ಲುಗಾಲಿಗಳ ಮೂಲಕ; ಅವು ಬೇಗ ಸವೆದು ಗದ್ದಲ ಮಾಡುತ್ತಿದ್ದವು. 1815ರ ಫೆಬ್ರುವರಿಯಲ್ಲಿ ಸ್ಟೀಫನ್‌ಸನ್ ಮತ್ತು ರಾಲ್ಫ್ ಡಾಡ್ಸ್ ಪಡೆದ ಪೇಟೆಂಟಿನಲ್ಲಿ ಹಲ್ಲುಗಾಲಿಗಳು ಮಾಯವಾಗಿ, ಪಿಸ್ಟನ್ನಿನ ಉದ್ದ ಸರಳುಗಳು ನೇರವಾಗಿ ಚಕ್ರದ ಮೇಲಿನ ಗೂಟವನ್ನು ತಿರುಗಿಸುತ್ತವೆ. ಎರಡು ಅಚ್ಚುಗಳು ಒಂದಕ್ಕೊಂದು ತಾಳ ತಪ್ಪದಂತೆ ಅವುಗಳ ನಡುವೆ ಕೊನೆಯಿಲ್ಲದ ಸರಪಳಿ ಓಡುತ್ತದೆ. 1816ರ ಸೆಪ್ಟೆಂಬರಿನಲ್ಲಿ ವಿಲಿಯಂ ಲಾಶ್ ಜೊತೆ ಪಡೆದ ಇನ್ನೊಂದು ಪೇಟೆಂಟಿನಲ್ಲಿ ಸುಧಾರಿಸಿದ ಹಳಿಯ ಜೊತೆಗೆ ‘ಉಗಿ ಸ್ಪ್ರಿಂಗ್’ ಬರುತ್ತದೆ. ಅಷ್ಟು ಭಾರವನ್ನು ತಾಳುವ ಉಕ್ಕಿನ ಸ್ಪ್ರಿಂಗ್ ಆಗ ದೊರಕುತ್ತಿರಲಿಲ್ಲವಾದ್ದರಿಂದ ಬಾಯ್ಲರಿನ ತಳದಲ್ಲಿ ಸಣ್ಣ ಸಿಲಿಂಡರುಗಳನ್ನು ಇಳಿಬಿಟ್ಟು, ಒಳಗಿನ ಉಗಿಯ ಒತ್ತಡವೇ ಅಚ್ಚಿನ ಮೇಲೆ ಎಂಜಿನಿನ ಭಾರವನ್ನು ಹೊರುವಂತೆ ಮಾಡಿದ ಜಾಣ ಏರ್ಪಾಡು ಅದು. ಮುಂದೆ 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆಗೆಂದು ತಯಾರಾದ ‘ಲೋಕೋಮೋಷನ್’ ಎಂಜಿನಿನಲ್ಲಿ ಸರಪಳಿಯ ಜಾಗಕ್ಕೆ ಚಕ್ರಗಳ ಹೊರಗೆ ಜೋಡಣೆಯ ಸರಳುಗಳು ಬಂದವು.

ಹೀಗೆ ಹಲ್ಲುಗಾಲಿ, ಸರಪಳಿ, ಉಗಿ ಸ್ಪ್ರಿಂಗ್, ಹೊರಸರಳು ಎಂಬ ಕ್ರಮವೊಂದು ಕೈಗೆ ಸಿಕ್ಕಿತು. ಹೊರಗೆ ಸರಳುಗಳಿದ್ದೂ ಅಚ್ಚಿನ ನಡುವೆ ಸರಪಳಿ ಗಾಲಿ ಕೂತಿದ್ದ ಗುರುತು ಕಂಡರೆ ಆ ಅಚ್ಚು 1825ಕ್ಕಿಂತ ಹಿಂದಿನ ಪದ್ಧತಿಗೆ ಸೇರಿದ್ದೆಂದು ಊಹಿಸಲು ಆಧಾರವಾಯಿತು. ಬಾಯ್ಲರಿನ ತಳದಲ್ಲಿ ಮುಚ್ಚಿದ ತೂತುಗಳ ಜೋಡಿ ಕಂಡರೆ ಅಲ್ಲಿ ಉಗಿ ಸ್ಪ್ರಿಂಗ್ ಇದ್ದಿರಬಹುದು. ಇದರಲ್ಲಿ ಒಂದು ಅಪಾಯವಿದೆ, ಅದನ್ನು ಮರೆಯಬಾರದು: ಪೇಟೆಂಟಿನ ದಿನಾಂಕ ಒಂದು ಏರ್ಪಾಡು ಯಾವಾಗಿಂದ ಇತ್ತು ಎಂಬುದಕ್ಕೆ ಸಾಕ್ಷಿಯೇ ಹೊರತು ಯಾವಾಗಿನವರೆಗೆ ಇತ್ತು ಎಂಬುದಕ್ಕಲ್ಲ. ಹಳೆಯ ಪದ್ಧತಿಗೆ ಒಗ್ಗಿದ ಕಮ್ಮಾರ ಇಪ್ಪತ್ತು ವರ್ಷವಾದ ಮೇಲೂ ಅದೇ ರೀತಿ ಮಾಡಬಲ್ಲ. ಹೆಟ್ಟನ್ ಎಂಜಿನಿನ ವಿಷಯದಲ್ಲಿ ಜನ ಎಡವಿದ್ದು ಇದೇ ಕಲ್ಲನ್ನು.

ಬಿಲ್ಲಿಯ ಕಡೆ ಬರೋಣ. ಆರು ದಶಕಗಳಿಗೂ ಹೆಚ್ಚು ಕಾಲ ಗಣಿಯಲ್ಲಿ ದುಡಿದ ಅದನ್ನು 1881ರಲ್ಲಿ, ಸ್ಟೀಫನ್‌ಸನ್‌ನ ಜನ್ಮಶತಮಾನೋತ್ಸವದ ಹೊತ್ತಿನಲ್ಲಿ, ನ್ಯೂಕ್ಯಾಸಲ್ ನಗರಕ್ಕೆ ಕೊಡಲಾಯಿತು. ಮೊದಲು ಟೈನ್ ನದಿಯ ಹೈ ಲೆವೆಲ್ ಸೇತುವೆಯ ತುದಿಯಲ್ಲಿ ಕಟ್ಟೆಯ ಮೇಲೆ ಬಯಲಲ್ಲೇ ನಿಂತಿತ್ತು, ಆಮೇಲೆ ಸೆಂಟ್ರಲ್ ಸ್ಟೇಷನ್ನಿನ ಸೂರಿನಡಿಗೆ ಬಂತು, ಅನಂತರ ನಗರದ ವಸ್ತುಸಂಗ್ರಹಾಲಯಕ್ಕೆ, ಕೊನೆಗೆ ನಾರ್ತ್ ಶೀಲ್ಡ್ಸ್‌ಗೆ. ಸ್ಮಾರಕ ಸಮಿತಿಗಳಿಗೆ ಯಾವಾಗಲೂ ಒಂದು ಖಚಿತವಾದ ಇಸವಿ ಬೇಕು. ಕಟ್ಟೆಯ ಮೇಲೆ ಕೆತ್ತುವಾಗ ‘ಸುಮಾರು’ ಎಂಬ ಮಾತು ಅವರಿಗೆ ಇಷ್ಟವಾಗುವುದಿಲ್ಲ. ಹಾಗೆ ಅಂಟಿಕೊಂಡ ಇಸವಿಯನ್ನು ಮುಂದಿನವರು ಒಬ್ಬರಿಂದೊಬ್ಬರು ನಕಲು ಮಾಡುತ್ತಾ ಹೋಗುತ್ತಾರೆ, ಹತ್ತು ಕಡೆ ಮುದ್ರಣವಾದ ಮೇಲೆ ಅದಕ್ಕೆ ಹತ್ತು ಆಧಾರಗಳಿವೆಯೆಂಬ ಭ್ರಮೆ ಹುಟ್ಟುತ್ತದೆ.

ಬೇಲಿ ಮತ್ತು ಡೇವಿಡ್‌ಸನ್ ಈ ಇಸವಿಯನ್ನು ಬದಿಗಿಟ್ಟು ಯಂತ್ರದಿಂದಲೇ ಆರಂಭಿಸಿದರು. ಸ್ಟೀಫನ್‌ಸನ್ನರ ಸುಪ್ರಸಿದ್ಧ ‘ರಾಕೆಟ್’ ಎಂಜಿನನ್ನು ಇದೇ ಬಗೆಯಲ್ಲಿ ಭಾಗ ಭಾಗವಾಗಿ ಪರೀಕ್ಷಿಸಿದ ಅನುಭವ ಬೇಲಿಯವರಿಗಿತ್ತು. ಇಂತಹ ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಯಾವ ಊರಿನ ಹಳೆಯ ಎಂಜಿನಿಗಾದರೂ ಇದು ಒದಗುತ್ತದೆ. ಹಳೆಯ ದೇವಾಲಯವೊಂದರಲ್ಲಿ ಗರ್ಭಗುಡಿ ಗಂಗರ ಕಾಲದ್ದು, ನವರಂಗ ಹೊಯ್ಸಳರದ್ದು, ಮುಖಮಂಟಪ ವಿಜಯನಗರದ್ದು ಎಂದು ಕಂಬ ಕಂಬವನ್ನೂ ಬೇರೆಯಾಗಿ ಓದುವ ಹಾಗೆ ಇಲ್ಲಿಯೂ ಪ್ರತಿ ಭಾಗಕ್ಕೆ ಪ್ರತ್ಯೇಕ ಕಾಲನಿರ್ಣಯ ನಡೆಯುತ್ತದೆ. ಬಾಯ್ಲರಿನ ಒಂದೊಂದು ತಗಡಿನ ಅಳತೆಯನ್ನೂ ಬರೆದುಕೊಳ್ಳುತ್ತಾರೆ. ಮೊದಮೊದಲು ಸಣ್ಣ ಸಣ್ಣ ತಗಡುಗಳನ್ನೇ ರಿವೆಟ್ ಹೊಡೆದು ಸೇರಿಸುತ್ತಿದ್ದರು, ದೊಡ್ಡ ತಗಡುಗಳನ್ನು ಎಳೆಯಬಲ್ಲ ಗಿರಣಿಗಳು ಆಮೇಲೆ ಬಂದವು. ರಿವೆಟ್ಟುಗಳ ಸಾಲಿನಲ್ಲಿ ಅಂತರ ಒಮ್ಮೆಗೇ ಬದಲಾದರೆ ಅಲ್ಲಿ ತೇಪೆ ಬಿದ್ದಿದೆ ಎಂದರ್ಥ. ಚೌಕಟ್ಟಿನ ಮೇಲೆ ಈಗ ಯಾವ ಕೆಲಸಕ್ಕೂ ಬಾರದ ತೂತುಗಳಿದ್ದರೆ ಅವುಗಳನ್ನು ನಕಾಶೆಯಲ್ಲಿ ಗುರುತಿಸಿ, ಅಲ್ಲಿ ಹಿಂದೆ ಏನು ಕೂತಿದ್ದಿರಬಹುದೆಂದು ಕಾಗದದ ಮೇಲೆ ಜೋಡಿಸಿ ನೋಡುತ್ತಾರೆ. ಸವೆತವೂ ಮಾತಾಡುತ್ತದೆ: ಹೆಚ್ಚು ಸವೆದ ಸರಳು ಸವೆಯದ ಗೂಟಕ್ಕೆ ಸೇರಿದ್ದರೆ ಅವೆರಡೂ ಮೊದಲಿನಿಂದ ಜೊತೆಯಾಗಿದ್ದವಲ್ಲ. ಎರಕದ ಕಬ್ಬಿಣ, ಬಡಿದ ಕಬ್ಬಿಣ, ಉಕ್ಕು ಈ ಮೂರರ ವ್ಯತ್ಯಾಸವನ್ನು ಬಲ್ಲ ಕಣ್ಣಿಗೆ ಮೇಲಿನ ಬಣ್ಣವನ್ನು ಕೆರೆದರೆ ಸಾಕು, ಯಾವುದು ಗಣಿಯ ಆರಂಭದ ದಿನಗಳದು, ಯಾವುದು ಕೊನೆಯ ರಿಪೇರಿಯದು ಎಂಬುದರ ಅಂದಾಜು ಬರುತ್ತದೆ.

ಬಿಲ್ಲಿ ಹಲವು ಬಾರಿ ಮರುನಿರ್ಮಾಣವಾದ ಯಂತ್ರ. ಆ ಮರುನಿರ್ಮಾಣಗಳ ಪದರಗಳನ್ನು ಒಂದೊಂದಾಗಿ ಬಿಡಿಸಿದಾಗ ಉಳಿದ ಮೂಲ ರಚನೆ 1816ರ ಕಿಲ್ಲಿಂಗ್‌ವರ್ತ್ ಮಾದರಿಗೆ ಹೊಂದಿತು. ಇದರಿಂದಾಗಿ ವೈಲಂನ ಜೋಡಿಯನ್ನು ಬಿಟ್ಟರೆ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲು ಎಂಜಿನ್ ಎಂಬ ಸ್ಥಾನ ಅದಕ್ಕೆ ಬಂತು. ನನ್ನ ಮಟ್ಟಿಗೆ ಈ ಮೂರನೆಯ ಸ್ಥಾನಕ್ಕಿಂತ ಮುಖ್ಯವಾದದ್ದು ಬೇರೆ. 1826ರ ಎಂಜಿನ್ ಎಂದುಕೊಂಡಾಗ ಬಿಲ್ಲಿ ಲೋಕೋಮೋಷನ್‌ಗಿಂತ ಕಿರಿಯದಾಗಿ, ಹಳೆಯ ಮಾದರಿಗೆ ಅಂಟಿಕೊಂಡ ಹಿಂದುಳಿದ ಯಂತ್ರವಾಗಿ ತೋರುತ್ತಿತ್ತು. 1816ರದ್ದೆಂದಾಗ ಅದು ಪೇಟೆಂಟುಗಳು ಕಾಗದದಿಂದ ಕಬ್ಬಿಣಕ್ಕೆ ಇಳಿಯುತ್ತಿದ್ದ ವರ್ಷದ ಪ್ರತ್ಯಕ್ಷ ಸಾಕ್ಷಿಯಾಗುತ್ತದೆ.

ಯಂತ್ರವೇ ಉಳಿಯದಿದ್ದರೆ ಏನು ಮಾಡುವುದು? ನ್ಯೂಕ್ಯಾಸಲ್ಲಿನ ಪೂರ್ವಕ್ಕಿರುವ ವಾಲ್‌ಸೆಂಡ್ ಗಣಿಯ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಆ ಗಣಿಯನ್ನು ತೋರಿಸುವ ಹಳೆಯ ವರ್ಣಚಿತ್ರವೊಂದರಲ್ಲಿ ಆರು ಚಕ್ರಗಳ, ಎತ್ತರದ ಚಿಮಣಿಯ ಎಂಜಿನೊಂದು ನಿಂತಿದೆ. ಅದು ವೈಲಂನ ಎಂಜಿನುಗಳಿಗೂ ಹೊಂದುವುದಿಲ್ಲ, ಕಿಲ್ಲಿಂಗ್‌ವರ್ತ್‌ನವುಗಳಿಗೂ ಹೊಂದುವುದಿಲ್ಲ. ಪಫಿಂಗ್ ಬಿಲ್ಲಿಯ ಬಾಯ್ಲರಿನೊಳಗೆ ಹೊಗೆಯ ಕೊಳವೆ ಹೋಗಿ ತಿರುಗಿ ಬರುತ್ತದೆ, ಹಾಗಾಗಿ ಬೆಂಕಿಯ ಬಾಗಿಲೂ ಚಿಮಣಿಯೂ ಒಂದೇ ತುದಿಯಲ್ಲಿವೆ; ಸ್ಟೀಫನ್‌ಸನ್‌ನ ಎಂಜಿನಿನಲ್ಲಿ ಕೊಳವೆ ನೇರವಾಗಿದ್ದು ಬೆಂಕಿ ಒಂದು ತುದಿಗೆ, ಚಿಮಣಿ ಇನ್ನೊಂದು ತುದಿಗೆ. ಚಿತ್ರದಲ್ಲಿ ಬೆಂಕಿಯವನು ಯಾವ ಕಡೆ ನಿಂತಿದ್ದಾನೆ ಎಂಬ ಒಂದೇ ವಿವರ ಒಳಗಿನ ರಚನೆಯನ್ನು ಹೇಳಿಬಿಡಬಲ್ಲದು. ಬೀಮಿಷ್ ವಸ್ತುಸಂಗ್ರಹಾಲಯದ ಸಂಶೋಧಕರು ಈ ಚಿತ್ರವನ್ನು ಕಾಗದಪತ್ರಗಳೊಡನೆ ತಾಳೆ ಹಾಕಿ, ಅದು ಗಣಿಯ ಮೇಲ್ವಿಚಾರಕ ಜಾನ್ ಬಡಲ್ ಮತ್ತು ಎಂಜಿನಿಯರ್ ವಿಲಿಯಂ ಚಾಪ್‌ಮನ್ ಸೇರಿ 1815ರಲ್ಲಿ ರೂಪಿಸಿದ ‘ಸ್ಟೀಮ್ ಎಲಿಫೆಂಟ್’ ಎಂದು ಗುರುತಿಸಿದರು. ಅಷ್ಟಕ್ಕೇ ನಿಲ್ಲದೆ ಓಡುವ ಪ್ರತಿಕೃತಿಯೊಂದನ್ನು 2002ರ ಹೊತ್ತಿಗೆ ಸಿದ್ಧಪಡಿಸಿದರು. ಚಿತ್ರಕಾರ ಕಲ್ಪಿಸಿ ಬರೆದದ್ದೋ ಕಂಡು ಬರೆದದ್ದೋ ಎಂಬ ಸಂಶಯ ಇದ್ದವರಿಗೆ, ಅದೇ ರಚನೆಯ ಯಂತ್ರ ಹಳಿಯ ಮೇಲೆ ನಡೆದದ್ದು ತಕ್ಕಮಟ್ಟಿನ ಉತ್ತರವಾಯಿತು.

ಕಾಗದಪತ್ರಗಳೆಂದರೆ ಇಲ್ಲಿ ಮುಖ್ಯವಾಗಿ ಎರಡು ಬಗೆ. ಗಣಿಯ ಮೇಲ್ವಿಚಾರಕರ ಲೆಕ್ಕದ ಪುಸ್ತಕ ಮತ್ತು ದಿನಚರಿಗಳು ಒಂದು. ಹೊರಗಿನಿಂದ ನೋಡಲು ಬಂದವರ ಟಿಪ್ಪಣಿಗಳು ಇನ್ನೊಂದು. ಎರಡನೆಯವು ಎಷ್ಟೋ ಸಲ ಮೊದಲಿನವಕ್ಕಿಂತ ಉಪಯುಕ್ತ. ಮನೆಯವರಿಗೆ ದಿನವೂ ಕಾಣುವ ವಸ್ತುವನ್ನು ವರ್ಣಿಸಬೇಕೆನಿಸುವುದಿಲ್ಲ, ಪರಸ್ಥಳದವನು ಕಂಡದ್ದನ್ನೆಲ್ಲ ಅಳೆದು ಬರೆದುಕೊಳ್ಳುತ್ತಾನೆ. 1826–27ರಲ್ಲಿ ಪ್ರಷ್ಯಾದಿಂದ ಬಂದ ಫಾನ್ ಓಯನ್‌ಹೌಸೆನ್ ಮತ್ತು ಫಾನ್ ಡೆಷೆನ್ ಎಂಬ ಗಣಿ ಎಂಜಿನಿಯರುಗಳು ಇಂಗ್ಲೆಂಡಿನ ಹಳಿಮಾರ್ಗಗಳ ಬಗ್ಗೆ ಬರೆದಿಟ್ಟ ವಿವರಗಳು ಇಂದಿಗೂ ಸಂಶೋಧಕರ ಕೈಪಿಡಿಯಂತಿವೆ. ಕಿಲ್ಲಿಂಗ್‌ವರ್ತ್‌ನ ಮೇಲ್ವಿಚಾರಕನಾಗಿದ್ದ ನಿಕೊಲಸ್ ವುಡ್ 1825ರಲ್ಲಿ ಪ್ರಕಟಿಸಿದ ಅಳತೆಗಳೂ ಪ್ರಯೋಗಗಳ ಫಲಿತಾಂಶಗಳೂ ಅಷ್ಟೇ ಬೆಲೆಯುಳ್ಳವು.

ಫಲಕಗಳು ಬಂದ ಮೇಲೆ ಎಲ್ಲವೂ ಸಲೀಸಾಯಿತೇ ಎಂದು ಕೇಳಿದರೆ, ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಲೀಡ್ಸ್‌ನ ಹನ್ಸ್‌ಲೆಟ್ ಕಂಪನಿಯ ವಿನ್ಯಾಸದ ‘ಆಸ್ಟೆರಿಟಿ’ ಎಂಬ ಆರು ಚಕ್ರದ ಎಂಜಿನುಗಳನ್ನು ಹಲವು ಕಾರ್ಖಾನೆಗಳು ಸೇರಿ ತಯಾರಿಸಿದವು; 1964ರವರೆಗೆ ಒಟ್ಟು 480ಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ, 1947ರಲ್ಲಿ ಗಣಿಗಳೆಲ್ಲ ಸರ್ಕಾರದ ಕಲ್ಲಿದ್ದಲು ಮಂಡಳಿಗೆ ಸೇರಿದಾಗ, ಇವುಗಳಲ್ಲಿ ಬಹಳಷ್ಟು ಗಣಿಯ ಮಾರ್ಗಗಳಿಗೆ ಬಂದವು. ಎಲ್ಲವೂ ಒಂದೇ ಅಚ್ಚಿನವು. ದುರಸ್ತಿ ಕೇಂದ್ರದಲ್ಲಿ ಒಂದರ ಬಾಯ್ಲರ್ ಇನ್ನೊಂದಕ್ಕೆ, ಮೂರನೆಯದರ ಚಕ್ರಗಳು ನಾಲ್ಕನೆಯದಕ್ಕೆ ಹೋಗುವಾಗ ಫಲಕ ಸಾಮಾನ್ಯವಾಗಿ ಉಳಿದ ಯಾವುದೋ ಒಂದು ಭಾಗದ ಮೇಲೆ ಕೂತಿರುತ್ತದೆ. ಆದುದರಿಂದ ಅನುಭವಸ್ಥರು ಫಲಕವನ್ನು ಕೊನೆಗೆ ನೋಡುತ್ತಾರೆ. ಮೊದಲು ಸರಳುಗಳ ಮೇಲೆ, ಕವಾಟದ ಬಿಡಿಭಾಗಗಳ ಮೇಲೆ ಅಚ್ಚು ಹೊಡೆದ ಸಂಖ್ಯೆಗಳನ್ನು ಎಣ್ಣೆಯ ಜಿಡ್ಡು ಒರೆಸಿ ಓದುತ್ತಾರೆ. ಮೂರು ಸಂಖ್ಯೆ ಸಿಕ್ಕರೆ ಮೂರನ್ನೂ ಬರೆದುಕೊಳ್ಳಬೇಕು, ಬಹುಮತದ ಮೇಲೆ ತೀರ್ಪು ಕೊಡಬಾರದು.

ನಮ್ಮ ದೇಶದಲ್ಲಿಯೂ ಇದಕ್ಕೆ ತಕ್ಕ ಉದಾಹರಣೆಯಿದೆ. ಡಾರ್ಜಿಲಿಂಗ್ ಬೆಟ್ಟದ 2 ಅಡಿ ಅಗಲದ ಮಾರ್ಗಕ್ಕೆಂದು 1889ರಿಂದ ಹಲವು ದಶಕಗಳ ಕಾಲ ತಯಾರಾದ ‘ಬಿ’ ವರ್ಗದ ಎಂಜಿನುಗಳಲ್ಲಿ ಎರಡು, ಅಸ್ಸಾಮಿನ ತಿಪೊಂಗ್ ಕಲ್ಲಿದ್ದಲು ಗಣಿಯ ಪುಟ್ಟ ಹಳಿಗೆ ಹೋಗಿ ಸೇರಿದವು. ಬ್ರಿಟನ್ನಿನ ಕಾರ್ಖಾನೆಗಳು, ಅಮೆರಿಕದ ಬಾಲ್ಡ್‌ವಿನ್, ಬೆಟ್ಟದ ಮಾರ್ಗದ ಸ್ವಂತ ತಿನ್‌ಧಾರಿಯಾ ಕಾರ್ಯಾಗಾರ ಹೀಗೆ ಬೇರೆ ಬೇರೆ ಕಡೆ ತಯಾರಾದರೂ ಒಂದೇ ನಕ್ಷೆಯ ಎಂಜಿನುಗಳು ಅವು. ತಿಪೊಂಗ್‌ನ ಎಂಜಿನ್ ಎಲ್ಲಿಯದು ಎಂಬ ಪ್ರಶ್ನೆಗೆ ಕಬ್ಬಿಣದ ಸಾಕ್ಷ್ಯದ ಜೊತೆಗೆ ಬೆಟ್ಟದ ರೈಲ್ವೆಯ ವರ್ಗಾವಣೆಯ ದಾಖಲೆಯನ್ನೂ ಸೇರಿಸದೆ ಉತ್ತರಿಸಲಾಗದು.

ಕೊನೆಗೆ ಹೆಟ್ಟನ್. ಸಂಡರ್‌ಲೆಂಡಿನ ವೇರ್ ನದಿಯ ಕಟ್ಟೆಗೆ ಹೋಗುವ 8 ಮೈಲಿ ಉದ್ದದ ಆ ಮಾರ್ಗ 1822ರ ನವೆಂಬರ್ 18ರಂದು ಆರಂಭವಾಯಿತು. ಎಂಜಿನುಗಳು, ಬೆಟ್ಟದ ಮೇಲೆ ನೆಲೆಯೂರಿದ ಹಗ್ಗ ಎಳೆಯುವ ಯಂತ್ರಗಳು, ಇಳಿಜಾರಿನಲ್ಲಿ ತಾನಾಗಿ ಉರುಳುವ ವ್ಯಾಗನುಗಳು ಈ ಮೂರನ್ನು ಸೇರಿಸಿ, ಪ್ರಾಣಿಬಲವನ್ನು ನೆಚ್ಚದೆ ನಡೆಯುವಂತೆ ಆರಂಭದಿಂದಲೇ ಯೋಜಿಸಿದ ಮೊದಲ ಮಾರ್ಗ ಅದು. ಯೋಜಿಸಿದವನು ಜಾರ್ಜ್ ಸ್ಟೀಫನ್‌ಸನ್. ಅಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಕೆಲಸದಲ್ಲಿದ್ದ, ನೋಡುವುದಕ್ಕೆ ತೀರಾ ಹಳೆಯದಾಗಿದ್ದ ಎಂಜಿನೊಂದನ್ನು ಮಾರ್ಗದಷ್ಟೇ ಹಳೆಯದೆಂದು, ಸ್ಟೀಫನ್‌ಸನ್ ಕೈಯಿಂದ ಬಂದದ್ದೆಂದು ಜನ ತಿಳಿದರು. 1925ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆಯ ಶತಮಾನೋತ್ಸವದ ಮೆರವಣಿಗೆ ನಡೆದಾಗ ಎಲ್ಲಕ್ಕೂ ಮುಂದೆ ತನ್ನದೇ ಉಗಿಯಲ್ಲಿ ಸಾಗಿದ್ದು ಇದೇ ಎಂಜಿನ್. ಮೆರವಣಿಗೆಯ ಮುಂಭಾಗದಲ್ಲಿ ಹೋದ ಯಂತ್ರದ ವಯಸ್ಸನ್ನು ಕೇಳುವ ಧೈರ್ಯ ಅಂದು ಯಾರಿಗೆ ಬಂದೀತು?

ಆಮೇಲಿನ ಪರಿಶೀಲನೆಯಲ್ಲಿ ಅದು 1850ರ ಆಸುಪಾಸಿನದೆಂದು ಗೊತ್ತಾದಾಗ ಕೆಲವರಿಗೆ ನಿರಾಶೆಯಾಯಿತು. ನನಗೆ ಆ ನಿರಾಶೆ ಅರ್ಥವಾಗುವುದಿಲ್ಲ. ರಾಕೆಟ್ ಓಡಿ ಇಪ್ಪತ್ತು ವರ್ಷ ಕಳೆದು, ದೇಶದ ತುಂಬ ಪ್ರಯಾಣಿಕರ ವೇಗದ ರೈಲುಗಳು ಹಬ್ಬಿದ ಮೇಲೂ, ಒಂದು ಗಣಿಯವರು ಹೊಸ ಎಂಜಿನ್ ಬೇಕಾದಾಗ 1820ರ ಮಾದರಿಯನ್ನೇ ಮತ್ತೆ ಕಟ್ಟಿಕೊಂಡರು ಎಂಬುದನ್ನು ಬೇರೆ ಯಾವ ದಾಖಲೆ ಇಷ್ಟು ಸ್ಪಷ್ಟವಾಗಿ ಹೇಳುತ್ತದೆ? ನಿಧಾನವಾಗಿ ನಡೆಯುವ ಭಾರದ ಕೆಲಸಕ್ಕೆ ನೇರವಾಗಿ ನಿಂತ ಸಿಲಿಂಡರುಗಳ ಆ ಹಳೆಯ ರಚನೆ ಸಾಕಾಗಿತ್ತು. ಅದನ್ನು ರಿಪೇರಿ ಮಾಡುವ ಕೈಗಳು ಗಣಿಯಲ್ಲೇ ಇದ್ದವು. ಹಳೆಯ ಎಂಜಿನುಗಳ ಬಿಡಿಭಾಗಗಳು ಹೊಸದಕ್ಕೂ ಹೊಂದುತ್ತಿದ್ದವು. ಕಲ್ಲಿದ್ದಲು ಕಟ್ಟೆ ಮುಟ್ಟಿದರಾಯಿತು, ಯಂತ್ರ ಯಾವ ಕಾಲದ್ದಾದರೇನು ಎಂಬುದು ಗಣಿಯವರ ಲೆಕ್ಕ. ಆ ಲೆಕ್ಕದಲ್ಲಿ ಈ ಎಂಜಿನ್ 1912ರ ಸುಮಾರಿನವರೆಗೂ ತೇರ್ಗಡೆಯಾಗುತ್ತಲೇ ಇತ್ತು.